ಕಡಲಿನ ಪರವಾಗಿ ನಿಂತ ರೇಚಲ್ ಕಾರ್ಸನ್

ಮಕ್ಕಳೇ, ನಿಮ್ಮಲ್ಲಿ ಎಷ್ಟು ಮಂದಿ ಸಮುದ್ರ ನೋಡಿದ್ದೀರಿ? ಕಾರವಾರ, ಕುಂದಾಪುರ, ಮಂಗಳೂರು ಕಡೆಯವರಿಗೆ ಸಮುದ್ರವೆಂದರೆ ಮನೆಯ ಅಂಗಳವಿದ್ದಂತೆ. ಬೀದರ್, ರಾಯಚೂರು, ಕೋಲಾರದ ಕಡೆಯವರಲ್ಲಿ ಹಲವರು ಅದನ್ನು ಚಿತ್ರದಲ್ಲಿ ಮಾತ್ರ ನೋಡಿರಬಹುದು. ಅದಕ್ಕೇನೂ ಬೇಸರ ಬೇಡ. ಸಮುದ್ರದ ಬಗ್ಗೆ ಇಡೀ ಜಗತ್ತಿಗೆ ತಿಳಿಸಿ ಹೇಳಿದ ಒಬ್ಬ ವಿಜ್ಞಾನಿ ಮೊದಲ ಬಾರಿಗೆ ಸಮುದ್ರ ನೋಡಿದ್ದು ತಮ್ಮ 22ನೆಯ ವಯಸ್ಸಿನಲ್ಲಿ! ಅವರೇ ಅಮೆರಿಕದ ರೇಚಲ್ ಕಾರ್ಸನ್.

ಭೂಮಿಯ ಮೇಲ್ಮೈಯಲ್ಲಿ ಶೇಕಡ 71ರಷ್ಟು ಭಾಗ ಸಮುದ್ರ. ಇಷ್ಟು ದೊಡ್ಡ ಸಮುದ್ರಕ್ಕೆ ಒಂದಿಷ್ಟು ಕಸ, ಒಂದಿಷ್ಟು ವಿಷ ಸೇರಿದರೆ ಏನಾಗುತ್ತದೆ? ಏನೂ ಆಗುವುದಿಲ್ಲ, ಸಮುದ್ರ ಎಲ್ಲವನ್ನೂ ನುಂಗಿಬಿಡುತ್ತದೆ ಎಂದು ಜನ ಬಹಳ ಕಾಲ ನಂಬಿದ್ದರು. ಆ ನಂಬಿಕೆ ಸರಿಯಲ್ಲ ಎಂದು ಜನರಿಗೆ ಅರ್ಥವಾಗುವಂತೆ ತಿಳಿಸಿದವರಲ್ಲಿ ರೇಚಲ್ ಕಾರ್ಸನ್ ಪ್ರಮುಖರು. ಹೊಲದ ಮೇಲೆ, ಕಾಡಿನ ಮೇಲೆ ಸುರಿದ ವಿಷ ಕೊನೆಗೆ ಕಡಲು ಸೇರುತ್ತದೆ, ಕಡಲಿನ ಜೀವಿಗಳ ಮೂಲಕ ಅದು ಮತ್ತೆ ಮೇಲೆ ಬರುತ್ತದೆ ಎಂಬುದನ್ನು ಅವರು ಧೈರ್ಯದಿಂದ ಹೇಳಿದರು. ಅವರ ಜೀವನದ ಕಥೆ ಕೇಳೋಣ ಬನ್ನಿ.

ತೋಟ, ಕಾಡು ಮತ್ತು ನದಿ

ರೇಚಲ್ ಹುಟ್ಟಿದ್ದು 1907ರ ಮೇ 27ರಂದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಂದ ಸಮುದ್ರ ನೂರಾರು ಕಿಲೋಮೀಟರ್ ದೂರ. ತಂದೆ ರಾಬರ್ಟ್, ತಾಯಿ ಮರಿಯಾ. ಅಕ್ಕ ಮತ್ತು ಅಣ್ಣ ಅವಳಿಗಿಂತ ತುಂಬಾ ದೊಡ್ಡವರು. ಹಾಗಾಗಿ ಪುಟ್ಟ ರೇಚಲ್‌ಗೆ ತಾಯಿಯೇ ಗೆಳತಿ, ತಾಯಿಯೇ ಗುರು.

ಅವರ ಮನೆಯ ಸುತ್ತ ಸುಮಾರು 65 ಎಕರೆ ಜಮೀನಿತ್ತು. ಅದರಲ್ಲಿ ಹಣ್ಣಿನ ಮರಗಳು, ಕಾಡು, ಸಣ್ಣ ತೊರೆಗಳು ಇದ್ದವು. ತಾಯಿ ಮರಿಯಾ ಮದುವೆಗೆ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದವರು. ಅವರು ಮಗಳ ಕೈ ಹಿಡಿದು ಕಾಡಿನಲ್ಲಿ ಸುತ್ತಾಡಿಸುತ್ತಿದ್ದರು. ಹಕ್ಕಿಯ ಹೆಸರು, ಹೂವಿನ ಹೆಸರು, ಹುಳುವಿನ ಹೆಸರು ಹೇಳಿಕೊಡುತ್ತಿದ್ದರು. ಮನೆಯೊಳಗೆ ಬಂದ ಹುಳುವನ್ನು ಸಹ ಅವರು ಕೊಲ್ಲುತ್ತಿರಲಿಲ್ಲ, ಮೆಲ್ಲಗೆ ಹಿಡಿದು ಹೊರಗೆ ಬಿಡುತ್ತಿದ್ದರು. ಎಲ್ಲ ಜೀವಿಗಳಿಗೂ ಬದುಕುವ ಹಕ್ಕಿದೆ ಎಂಬ ಪಾಠವನ್ನು ರೇಚಲ್ ಕಲಿತದ್ದು ಹೀಗೆ.

ರೇಚಲ್‌ಗೆ ಓದುವುದು, ಬರೆಯುವುದು ಎಂದರೆ ಪ್ರಾಣ. 1918ರಲ್ಲಿ, ಅಂದರೆ ಅವಳಿಗೆ 11 ವರ್ಷವಿದ್ದಾಗ, ಅವಳು ಬರೆದ ಕಥೆಯೊಂದು ಮಕ್ಕಳ ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ಆ ವಯಸ್ಸಿನಲ್ಲೇ ಅವಳು ತಾನು ಲೇಖಕಿಯಾಗಬೇಕು ಎಂದುಕೊಂಡಳು.

ಊರಿನ ಪಕ್ಕದಲ್ಲಿ ಅಲೆಗೆನಿ ಎಂಬ ನದಿ ಹರಿಯುತ್ತಿತ್ತು. ಅಲೆಗೆನಿ ಮುಂದೆ ಸಾಗಿ ಒಹಾಯೊ ನದಿಯಾಗುತ್ತದೆ. ಒಹಾಯೊ ಹೋಗಿ ಮಿಸಿಸಿಪ್ಪಿ ನದಿಯನ್ನು ಸೇರುತ್ತದೆ. ಮಿಸಿಸಿಪ್ಪಿ ಸಮುದ್ರವನ್ನು ಸೇರುತ್ತದೆ. ಅಂದರೆ ರೇಚಲ್ ಸಮುದ್ರ ನೋಡದಿದ್ದರೂ ಅವಳ ಊರಿನ ನೀರು ಮಾತ್ರ ದಿನವೂ ಸಮುದ್ರದ ಕಡೆಗೆ ಹೋಗುತ್ತಲೇ ಇತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದು ಬಹಳ ಮುಖ್ಯವಾಗುತ್ತದೆ.

ಮೊದಲ ಬಾರಿ ಕಡಲು

ಕಾರ್ಸನ್ ಅವರ ಮನೆಯಲ್ಲಿ ಹಣಕ್ಕೆ ಯಾವಾಗಲೂ ಕಷ್ಟ. ಆದರೂ ಮಗಳ ಓದು ನಿಲ್ಲಬಾರದು ಎಂದು ತಾಯಿ ಪಣತೊಟ್ಟರು. ಮಕ್ಕಳಿಗೆ ಪಿಯಾನೊ ಪಾಠ ಹೇಳಿದರು, ಮನೆಯಲ್ಲಿದ್ದ ಬೆಲೆಬಾಳುವ ಪಿಂಗಾಣಿ ಪಾತ್ರೆಗಳನ್ನೂ ಮಾರಿದರು. 1925ರಲ್ಲಿ ರೇಚಲ್ ಕಾಲೇಜು ಸೇರಿದರು. ಆರಿಸಿಕೊಂಡ ವಿಷಯ ಇಂಗ್ಲಿಷ್ ಸಾಹಿತ್ಯ.

ಕಾಲೇಜಿನಲ್ಲಿ ಮೇರಿ ಸ್ಕಾಟ್ ಸ್ಕಿಂಕರ್ ಎಂಬ ಜೀವವಿಜ್ಞಾನದ ಅಧ್ಯಾಪಕಿ ಇದ್ದರು. ಅವರ ಪಾಠ ಕೇಳಿದ ಮೇಲೆ ರೇಚಲ್ ಅವರ ಮನಸ್ಸು ಜೀವವಿಜ್ಞಾನದ ಕಡೆ ತಿರುಗಿತು. ಕೊನೆಗೆ ಇಂಗ್ಲಿಷ್ ಬಿಟ್ಟು ಜೀವವಿಜ್ಞಾನವನ್ನೇ ತೆಗೆದುಕೊಂಡರು. ಆ ಕಾಲದಲ್ಲಿ ಅಮೆರಿಕದಲ್ಲೂ ವಿಜ್ಞಾನ ಓದುವ ಹೆಣ್ಣುಮಕ್ಕಳು ಬಹಳ ಕಡಿಮೆ. ಓದಿದರೂ ಕೆಲಸ ಸಿಗುವುದು ಕಷ್ಟ. ಇದೆಲ್ಲ ಗೊತ್ತಿದ್ದೇ ಅವರು ಈ ನಿರ್ಧಾರ ಮಾಡಿದರು.

1929ರಲ್ಲಿ ಪದವಿ ಮುಗಿಯಿತು. ಆ ಬೇಸಿಗೆಯಲ್ಲಿ ವುಡ್ಸ್ ಹೋಲ್ ಎಂಬ ಕರಾವಳಿ ಊರಿನ ಕಡಲ ಜೀವವಿಜ್ಞಾನ ಪ್ರಯೋಗಾಲಯದಲ್ಲಿ ಕೆಲವು ವಾರ ಕಲಿಯುವ ಅವಕಾಶ ಸಿಕ್ಕಿತು. ಅಲ್ಲಿಯೇ ರೇಚಲ್ ಮೊದಲ ಬಾರಿ ಸಮುದ್ರ ನೋಡಿದರು. ಉಬ್ಬರ, ಇಳಿತ, ಅಲೆ, ಮರಳಿನಲ್ಲಿ ಅವಿತ ಏಡಿ, ಬಂಡೆಗೆ ಅಂಟಿದ ಚಿಪ್ಪು, ನಕ್ಷತ್ರ ಮೀನು ಎಲ್ಲವನ್ನೂ ಕಣ್ಣಾರೆ ಕಂಡರು. ಪುಸ್ತಕದಲ್ಲಿ ಓದಿದ್ದ ಸಮುದ್ರ ಈಗ ಅವರ ಕಾಲ ಬಳಿಯಲ್ಲೇ ಇತ್ತು. ಅಂದಿನಿಂದ ಕೊನೆಯವರೆಗೂ ಅವರ ಮನಸ್ಸು ಸಮುದ್ರವನ್ನು ಬಿಡಲಿಲ್ಲ.

1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಇನ್ನೂ ಮುಂದೆ ಓದಿ ಡಾಕ್ಟರೇಟ್ ಪಡೆಯುವ ಆಸೆ ಇತ್ತು. ಆದರೆ ಮನೆಯ ಕಷ್ಟದಿಂದಾಗಿ ಓದು ನಿಲ್ಲಿಸಬೇಕಾಯಿತು. 1935ರಲ್ಲಿ ತಂದೆ ತೀರಿಕೊಂಡರು. ಮನೆಯ ಭಾರ ರೇಚಲ್ ಅವರ ಹೆಗಲಿಗೆ ಬಂತು.

ಹಗಲು ಕಚೇರಿ, ರಾತ್ರಿ ಬರವಣಿಗೆ

ಅಮೆರಿಕದ ಮೀನುಗಾರಿಕೆ ಇಲಾಖೆಯವರು ಆಗ ರೇಡಿಯೊದಲ್ಲಿ ಮೀನುಗಳ ಬಗ್ಗೆ ಒಂದು ಕಾರ್ಯಕ್ರಮ ಪ್ರಸಾರ ಮಾಡುತ್ತಿದ್ದರು. ವಿಜ್ಞಾನ ಬಲ್ಲವರಿಗೆ ಅದನ್ನು ರಸವತ್ತಾಗಿ ಬರೆಯಲು ಬರುತ್ತಿರಲಿಲ್ಲ. ಬರೆಯಲು ಬಲ್ಲವರಿಗೆ ವಿಜ್ಞಾನ ಗೊತ್ತಿರಲಿಲ್ಲ. ರೇಚಲ್ ಅವರಿಗೆ ಎರಡೂ ಗೊತ್ತಿತ್ತು! ಅವರು ಬರೆದ ರೇಡಿಯೊ ಪಾಠಗಳು ಎಲ್ಲರಿಗೂ ಮೆಚ್ಚುಗೆಯಾದವು. 1936ರಲ್ಲಿ ಸರ್ಕಾರಿ ನೇಮಕಾತಿ ಪರೀಕ್ಷೆ ಬರೆದು ಎಲ್ಲರಿಗಿಂತ ಹೆಚ್ಚು ಅಂಕ ಪಡೆದರು. ಅದೇ ಇಲಾಖೆಯಲ್ಲಿ ಜಲಜೀವಿ ವಿಜ್ಞಾನಿಯಾಗಿ ಕೆಲಸಕ್ಕೆ ಸೇರಿದರು.

ಒಮ್ಮೆ ಅವರು ಇಲಾಖೆಯ ಕಿರುಹೊತ್ತಗೆಗಾಗಿ ಸಮುದ್ರದ ಬಗ್ಗೆ ಒಂದು ಲೇಖನ ಬರೆದರು. ಅದನ್ನು ಓದಿದ ಮೇಲಧಿಕಾರಿ ಇದು ಸರ್ಕಾರಿ ಹೊತ್ತಗೆಗೆ ಸರಿಹೋಗದಷ್ಟು ಚೆನ್ನಾಗಿದೆ, ಹೆಸರಾಂತ ಪತ್ರಿಕೆಯೊಂದಕ್ಕೆ ಕಳುಹಿಸು ಎಂದು ಸಲಹೆ ಕೊಟ್ಟರು. 1937ರಲ್ಲಿ ಲೇಖನ ಪ್ರಕಟವಾಯಿತು. ಅದರಿಂದಲೇ ಅವರ ಮೊದಲ ಪುಸ್ತಕ ಬೆಳೆಯಿತು.

ಅದೇ ವರ್ಷ ಅಕ್ಕ ತೀರಿಕೊಂಡರು. ಅಕ್ಕನ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಹೊಣೆ ರೇಚಲ್ ಮತ್ತು ಅವರ ತಾಯಿಯ ಮೇಲೆ ಬಿತ್ತು. ಹಗಲೆಲ್ಲ ಕಚೇರಿ. ಸಂಜೆ ಮನೆಗೆಲಸ. ಎಲ್ಲರೂ ಮಲಗಿದ ಮೇಲೆ ಬರವಣಿಗೆ. ಹೀಗೆ ಬರೆದ ಪುಸ್ತಕ 1941ರ ನವೆಂಬರ್‌ನಲ್ಲಿ ಹೊರಬಂತು. ಅದರಲ್ಲಿ ಮನುಷ್ಯರು ಮುಖ್ಯ ಪಾತ್ರಗಳಲ್ಲ. ಅಲೆಯ ಅಂಚಿನಲ್ಲಿ ಓಡಾಡುವ ಒಂದು ಪುಟ್ಟ ಹಕ್ಕಿ, ನಮ್ಮ ಬಂಗುಡೆಯ ಬಳಗಕ್ಕೆ ಸೇರಿದ ಒಂದು ಮೀನು, ನದಿಯಿಂದ ಸಾಗರಕ್ಕೆ ಪ್ರಯಾಣ ಮಾಡುವ ಒಂದು ಹಾವುಮೀನು, ಇವೇ ಕಥಾನಾಯಕರು. ಆದರೆ ಮರುತಿಂಗಳೇ ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು. ಯುದ್ಧದ ಗದ್ದಲದಲ್ಲಿ ಪುಸ್ತಕವನ್ನು ಕೇಳುವವರೇ ಇಲ್ಲವಾಯಿತು. ರೇಚಲ್ ಎದೆಗುಂದಲಿಲ್ಲ.

ಮನೆಮಾತಾದ ಪುಸ್ತಕ

1949ರಲ್ಲಿ ರೇಚಲ್ 'ಆಲ್ಬಟ್ರಾಸ್ 3' ಎಂಬ ಸಂಶೋಧನಾ ಹಡಗಿನಲ್ಲಿ ಸಮುದ್ರಕ್ಕೆ ಹೊರಟರು. ಆ ಹಡಗಿನಲ್ಲಿ ಅದುವರೆಗೆ ಹೆಂಗಸರು ಹೋದದ್ದೇ ಇರಲಿಲ್ಲ. ಅಷ್ಟು ಜನ ಗಂಡಸರ ನಡುವೆ ಒಬ್ಬರೇ ಹೆಂಗಸು ಹೋಗುವುದು ಸರಿಯಲ್ಲ ಎಂದು ಅಧಿಕಾರಿಗಳು ಹಿಂದೆಮುಂದೆ ನೋಡಿದರು. ರೇಚಲ್ ತಮ್ಮ ಗೆಳತಿಯೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿಯೇ ಬಿಟ್ಟರು! ದೊಡ್ಡ ಬಲೆಗಳು ಆಳದಿಂದ ಮೇಲೆ ಬಂದಾಗ ಅದರಲ್ಲಿದ್ದ ವಿಚಿತ್ರ ಜೀವಿಗಳನ್ನು ಹತ್ತಿರದಿಂದ ನೋಡಿದರು.

1951ರಲ್ಲಿ ಅವರ ಎರಡನೆಯ ಪುಸ್ತಕ 'ದಿ ಸೀ ಅರೌಂಡ್ ಅಸ್' ಪ್ರಕಟವಾಯಿತು. ನಮ್ಮ ಸುತ್ತಲಿನ ಕಡಲು ಎಂದು ಇದರ ಅರ್ಥ. ಸಮುದ್ರ ಹೇಗೆ ಹುಟ್ಟಿತು, ಉಬ್ಬರವಿಳಿತ ಏಕೆ ಆಗುತ್ತದೆ, ಬೆಳಕೇ ಇಲ್ಲದ ಆಳದಲ್ಲಿ ಯಾವ ಜೀವಿಗಳಿವೆ ಎಂಬುದನ್ನೆಲ್ಲ ಕಥೆಯಂತೆ ಹೇಳುವ ಪುಸ್ತಕವದು. ಮನುಷ್ಯರು ದ್ವೀಪಗಳಿಗೆ ಇಲಿ, ಆಡು ಮೊದಲಾದ ಪ್ರಾಣಿಗಳನ್ನು ತಂದು ಬಿಟ್ಟಿದ್ದರಿಂದ ಅಲ್ಲಿನ ಹಕ್ಕಿಗಳು, ಗಿಡಗಳು ನಾಶವಾದ ಸಂಗತಿಯನ್ನೂ ಅದರಲ್ಲಿ ಬರೆದಿದ್ದರು. ಪುಸ್ತಕ 86 ವಾರಗಳ ಕಾಲ ಅಮೆರಿಕದ ಹೆಚ್ಚು ಮಾರಾಟವಾಗುವ ಪುಸ್ತಕಗಳ ಪಟ್ಟಿಯಲ್ಲಿತ್ತು. ಹಲವಾರು ಭಾಷೆಗಳಿಗೆ ಅನುವಾದವಾಯಿತು. 1952ರಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಬಂತು.

ಈಗ ಹಣದ ಚಿಂತೆ ಇರಲಿಲ್ಲ. ರೇಚಲ್ ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮೇನ್ ಎಂಬ ರಾಜ್ಯದ ಕಡಲತೀರದಲ್ಲಿ ಒಂದು ಚಿಕ್ಕ ಮನೆ ಕಟ್ಟಿಸಿದರು. ಇಳಿತದ ಹೊತ್ತಿಗೆ ಬಂಡೆಗಳ ಸಂದಿಯಲ್ಲಿ ಉಳಿದ ನೀರಿನಲ್ಲಿ ಪುಟ್ಟ ಜೀವಿಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಮನೆಗೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ಜೀವಿಗಳನ್ನು ಮತ್ತೆ ಅವುಗಳ ಜಾಗಕ್ಕೇ ಬಿಟ್ಟು ಬರುತ್ತಿದ್ದರು. 1955ರಲ್ಲಿ ಕಡಲಂಚಿನ ಜೀವಿಗಳ ಬಗ್ಗೆ ಮೂರನೆಯ ಪುಸ್ತಕ ಬಂತು. ಇನ್ನು ಹೀಗೆಯೇ ಸಮುದ್ರದ ಬಗ್ಗೆ ಬರೆದುಕೊಂಡು ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಹಾಗಾಗಲಿಲ್ಲ.

ಪವಾಡದ ಪುಡಿ

ಡಿ.ಡಿ.ಟಿ. ಎಂಬ ಹೆಸರು ಕೇಳಿದ್ದೀರಾ? ಅದೊಂದು ಕೀಟನಾಶಕ. ಅದು ಕೀಟಗಳನ್ನು ಕೊಲ್ಲುತ್ತದೆ ಎಂದು 1939ರಲ್ಲಿ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್ ಕಂಡುಹಿಡಿದರು. ಅದಕ್ಕಾಗಿ 1948ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಮಹಾಯುದ್ಧದ ಕಾಲದಲ್ಲಿ ಹೇನಿನಿಂದ ಹರಡುವ ಟೈಫಸ್ ಜ್ವರ, ಸೊಳ್ಳೆಯಿಂದ ಹರಡುವ ಮಲೇರಿಯಾ ಇವುಗಳಿಂದ ಅಸಂಖ್ಯ ಜನರ ಜೀವವನ್ನು ಡಿ.ಡಿ.ಟಿ. ಉಳಿಸಿತು. ನಮ್ಮ ದೇಶದಲ್ಲೂ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದಾಗ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಿದರು. ನಿಮ್ಮ ಅಜ್ಜ, ಅಜ್ಜಿಯರನ್ನು ಕೇಳಿ ನೋಡಿ, ಅವರಿಗೆ ನೆನಪಿರಬಹುದು.

ತೊಂದರೆ ಶುರುವಾದದ್ದು ಯುದ್ಧ ಮುಗಿದ ಮೇಲೆ. ಅಮೆರಿಕದಲ್ಲಿ ಡಿ.ಡಿ.ಟಿ.ಯನ್ನು ಎಲ್ಲೆಂದರಲ್ಲಿ ಸುರಿಯತೊಡಗಿದರು. ಹೊಲ, ತೋಟ, ಕಾಡು, ಜೌಗು, ಊರು, ಯಾವುದನ್ನೂ ಬಿಡದೆ ವಿಮಾನದಿಂದ ಸಿಂಪಡಿಸಿದರು. ಇದರಿಂದ ಬೇರೆ ಜೀವಿಗಳಿಗೆ ಏನಾಗಬಹುದು ಎಂದು ಯೋಚಿಸಿದವರು ಕಡಿಮೆ. ರೇಚಲ್ ಯೋಚಿಸಿದ್ದರು. 1945ರಲ್ಲೇ ಈ ಬಗ್ಗೆ ಲೇಖನ ಬರೆಯುತ್ತೇನೆ ಎಂದು ಒಂದು ದೊಡ್ಡ ಪತ್ರಿಕೆಯನ್ನು ಕೇಳಿದ್ದರು. ಪತ್ರಿಕೆ ಆಸಕ್ತಿ ತೋರಿಸಲಿಲ್ಲ.

1958ರ ಜನವರಿಯಲ್ಲಿ ರೇಚಲ್ ಅವರಿಗೆ ಗೆಳತಿಯೊಬ್ಬರಿಂದ ಪತ್ರ ಬಂತು. ಗೆಳತಿಯ ಊರು ಡಕ್ಸ್‌ಬರಿ, ಕಡಲತೀರದಲ್ಲಿದೆ. ಅಲ್ಲಿ ಅವರು ಹಕ್ಕಿಗಳಿಗಾಗಿಯೇ ಒಂದಿಷ್ಟು ಜಾಗ ಕಾಪಾಡಿಕೊಂಡಿದ್ದರು. ಸೊಳ್ಳೆ ಸಾಯಲಿ ಎಂದು ವಿಮಾನದಿಂದ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಆ ಹಕ್ಕಿಗಳು ಸತ್ತು ಬಿದ್ದವು. ಪತ್ರ ಓದಿದ ರೇಚಲ್ ಇನ್ನು ಸುಮ್ಮನಿರಬಾರದು ಎಂದು ತೀರ್ಮಾನಿಸಿದರು. ಈ ವಿಷಯದ ಮೇಲೆ ಒಂದು ಪುಸ್ತಕ ಬರೆಯಲು ಕುಳಿತರು.

ಹೊಲದ ವಿಷ ಕಡಲಿಗೆ

ಸಮುದ್ರ ವಿಜ್ಞಾನಿಗೂ ಹೊಲದ ಕೀಟನಾಶಕಕ್ಕೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಸ್ಪ್ರಿಂಗ್‌ಡೇಲಿನ ನದಿಯನ್ನು ನೆನಪಿಸಿಕೊಳ್ಳಿ. ನೀರು ನಿಂತಲ್ಲಿ ನಿಲ್ಲುವುದಿಲ್ಲ. ಹೊಲದ ಮೇಲೆ ಬಿದ್ದ ಮಳೆ ಹಳ್ಳಕ್ಕೆ, ಹಳ್ಳದ ನೀರು ಹೊಳೆಗೆ, ಹೊಳೆಯ ನೀರು ಕಡಲಿಗೆ ಸೇರುತ್ತದೆ. ಅದರೊಡನೆ ವಿಷವೂ ಸಾಗುತ್ತದೆ. ರೇಚಲ್ ಒಂದೊಂದಾಗಿ ಪುರಾವೆಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಎರಡನ್ನು ನೋಡೋಣ.

ಮೊದಲನೆಯದು ಕೆನಡಾ ದೇಶದ ಮಿರಾಮಿಚಿ ನದಿಯದು. ಸಾಲ್ಮನ್ ಎಂಬ ಮೀನು ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನದಿಗೇ ಮರಳಿ ಬರುತ್ತದೆ. 1954ರಲ್ಲಿ ಆ ನದಿಯ ಸುತ್ತಲಿನ ಕಾಡಿನಲ್ಲಿ ಮರಗಳ ಚಿಗುರು ತಿನ್ನುವ ಹುಳುವನ್ನು ಕೊಲ್ಲಲು ಡಿ.ಡಿ.ಟಿ. ಸಿಂಪಡಿಸಿದರು. ವಿಷ ತೊರೆಗಳಿಗೂ ಬಿತ್ತು. ಎರಡು ದಿನಗಳೊಳಗೆ ಸತ್ತ ಮೀನುಗಳು ದಡದಲ್ಲಿ ಕಾಣಿಸಿಕೊಂಡವು. ಸಾಲ್ಮನ್ ಮರಿಗಳ ಆಹಾರವಾದ ನೀರಹುಳುಗಳು ಸತ್ತುಹೋದವು. ಆ ವರ್ಷ ಹುಟ್ಟಿದ ಸಾಲ್ಮನ್ ಮರಿಗಳೂ ಇಲ್ಲವಾದವು. ಕಾಡಿನ ಹುಳುವಿಗೆ ಹಾಕಿದ ವಿಷ ಸಮುದ್ರದ ಮೀನಿನ ಸಂತತಿಯನ್ನೇ ಹೊಡೆಯಿತು.

ಎರಡನೆಯದು ಫ್ಲಾರಿಡಾ ಕರಾವಳಿಯದು. 1955ರಲ್ಲಿ ಅಲ್ಲಿ ಸುಮಾರು 2,000 ಎಕರೆ ಉಪ್ಪುನೀರಿನ ಜೌಗಿಗೆ ಡಯಲ್ಡ್ರಿನ್ ಎಂಬ ಕೀಟನಾಶಕ ಹಾಕಿದರು. ಕಚ್ಚುವ ಒಂದು ಜಾತಿಯ ನೊಣದ ಮರಿಗಳನ್ನು ಕೊಲ್ಲುವುದು ಉದ್ದೇಶ. ಸತ್ತದ್ದು ಯಾರು ಗೊತ್ತೇ? ಸುಮಾರು 30 ಜಾತಿಗಳಿಗೆ ಸೇರಿದ 11 ಲಕ್ಷಕ್ಕೂ ಹೆಚ್ಚು ಮೀನುಗಳು! ಸಾಯುತ್ತಿದ್ದ ಮೀನುಗಳನ್ನು ತಿನ್ನಲು ಏಡಿಗಳು ಬಂದವು. ಮರುದಿನ ಏಡಿಗಳೂ ಸತ್ತವು. ಜೌಗು ಪ್ರದೇಶ ನೋಡಲು ಬರೀ ಕೆಸರು. ಆದರೆ ಅದು ಅನೇಕ ಕಡಲ ಮೀನು, ಸೀಗಡಿಗಳ ಮರಿಗಳಿಗೆ ತೊಟ್ಟಿಲು. ಆ ತೊಟ್ಟಿಲಿಗೇ ವಿಷ ಸುರಿದಂತಾಯಿತು.

ಇದೇ ಹೊತ್ತಿಗೆ ಇನ್ನೊಂದು ಸಂಗತಿ ರೇಚಲ್ ಅವರನ್ನು ಕಾಡುತ್ತಿತ್ತು. ಪರಮಾಣು ಕೇಂದ್ರಗಳ ವಿಕಿರಣಶೀಲ ತ್ಯಾಜ್ಯವನ್ನು ಪೀಪಾಯಿಗಳಲ್ಲಿ ತುಂಬಿ ಸಮುದ್ರಕ್ಕೆ ಹಾಕುತ್ತಿದ್ದರು. 1961ರಲ್ಲಿ 'ದಿ ಸೀ ಅರೌಂಡ್ ಅಸ್' ಪುಸ್ತಕದ ಹೊಸ ಮುದ್ರಣ ಬಂದಾಗ ರೇಚಲ್ ಅದಕ್ಕೆ ಹೊಸ ಮುನ್ನುಡಿ ಬರೆದರು. ಕಡಲನ್ನು ಕೆಡಿಸಲು ಮನುಷ್ಯನಿಂದ ಆಗದು ಎಂಬ ಹಳೆಯ ನಂಬಿಕೆ ಸುಳ್ಳಾಗಿದೆ ಎಂದು ಅದರಲ್ಲಿ ಎಚ್ಚರಿಸಿದರು. ಸಮುದ್ರಕ್ಕೆ ಹಾಕಿದ್ದು ಹಾಕಿದಲ್ಲೇ ಇರುವುದಿಲ್ಲ, ಪ್ರವಾಹಗಳು ಮತ್ತು ಜೀವಿಗಳು ಅದನ್ನು ದೂರದೂರಕ್ಕೆ ಹೊತ್ತೊಯ್ಯುತ್ತವೆ ಎಂದು ವಿವರಿಸಿದರು.

ಟೀಕೆಗಳ ಸುರಿಮಳೆ

ಪುಸ್ತಕ ಬರೆಯುವ ದಿನಗಳು ಸುಲಭವಾಗಿರಲಿಲ್ಲ. 1957ರಲ್ಲಿ ತಾವು ಸಾಕಿದ್ದ ಅಕ್ಕನ ಮಗಳು ತೀರಿಕೊಂಡಾಗ, ಅವರ ಐದು ವರ್ಷದ ಮಗನನ್ನು ರೇಚಲ್ ದತ್ತು ತೆಗೆದುಕೊಂಡಿದ್ದರು. 1958ರ ಕೊನೆಯಲ್ಲಿ ತಾಯಿ ತೀರಿಕೊಂಡರು. 1960ರಲ್ಲಿ ರೇಚಲ್ ಅವರಿಗೇ ಕ್ಯಾನ್ಸರ್ ಇರುವುದು ತಿಳಿಯಿತು. ಚಿಕಿತ್ಸೆಯಿಂದ ದೇಹ ಸೋತಿತ್ತು. ಆದರೂ ಅವರು ಕೆಲಸ ಬಿಡಲಿಲ್ಲ. ಹಾಸಿಗೆಯಲ್ಲಿದ್ದಾಗಲೂ ಬರೆದರು, ತಿದ್ದಿದರು.

1962ರ ಸೆಪ್ಟೆಂಬರ್ 27ರಂದು 'ಸೈಲೆಂಟ್ ಸ್ಪ್ರಿಂಗ್' ಪುಸ್ತಕ ಹೊರಬಂತು. ಮೌನ ವಸಂತ ಎಂದು ಇದರ ಅರ್ಥ. ಹಕ್ಕಿಗಳೇ ಇಲ್ಲದ ವಸಂತ ಹೇಗಿರಬಹುದು ಎಂದು ಪುಸ್ತಕ ಕೇಳಿತು. ಬರೆದ ಪ್ರತಿಯೊಂದು ಮಾತಿಗೂ ಆಧಾರ ಎಲ್ಲಿದೆ ಎಂದು ತೋರಿಸಲು ಅವರು 50ಕ್ಕೂ ಹೆಚ್ಚು ಪುಟಗಳನ್ನು ಮೀಸಲಿಟ್ಟಿದ್ದರು.

ಕೀಟನಾಶಕ ತಯಾರಿಸುವ ಕಂಪನಿಗಳಿಗೆ ಕೋಪ ಬಂತು. ಮೊಕದ್ದಮೆ ಹೂಡುವ ಬೆದರಿಕೆ ಬಂತು. ಆಕೆ ಡಾಕ್ಟರೇಟ್ ಇಲ್ಲದ ಹೆಂಗಸು, ಸುಮ್ಮನೆ ಭಯ ಹುಟ್ಟಿಸುತ್ತಿದ್ದಾಳೆ ಎಂದು ಹೀಯಾಳಿಸಿದರು. ಅವರ ಮಾತು ಕೇಳಿದರೆ ಬೆಳೆ ಹಾಳಾಗಿ ರೋಗ ಹರಡುತ್ತದೆ ಎಂದರು. ನಿಜವಾಗಿ ರೇಚಲ್ ಎಲ್ಲ ಕೀಟನಾಶಕಗಳನ್ನೂ ನಿಲ್ಲಿಸಿ ಎಂದು ಹೇಳಿರಲಿಲ್ಲ. ಏನಾಗುತ್ತದೆ ಎಂದು ತಿಳಿಯದೆ ಎಲ್ಲೆಂದರಲ್ಲಿ ಸುರಿಯಬೇಡಿ ಎಂದಷ್ಟೇ ಹೇಳಿದ್ದರು. ಮಿತಿಮೀರಿ ಬಳಸಿದರೆ ಕೀಟಗಳು ವಿಷವನ್ನು ತಡೆದುಕೊಳ್ಳುವ ಶಕ್ತಿ ಪಡೆಯುತ್ತವೆ, ಆಗ ಬೇಕಾದಾಗ ಔಷಧವೇ ಕೆಲಸ ಮಾಡದು ಎಂದೂ ಹೇಳಿದ್ದರು.

ರೇಚಲ್ ಟೀಕೆಗಳಿಗೆ ಸಿಟ್ಟಿನಿಂದ ಉತ್ತರಿಸಲಿಲ್ಲ. ಶಾಂತವಾಗಿ ಪುರಾವೆ ಮುಂದಿಟ್ಟರು. 1963ರ ಏಪ್ರಿಲ್‌ನಲ್ಲಿ ಟಿ.ವಿ. ಕಾರ್ಯಕ್ರಮವೊಂದರಲ್ಲಿ ಲಕ್ಷಾಂತರ ಜನ ಅವರ ಮಾತು ಕೇಳಿದರು. ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿ ಅವರ ವಿಜ್ಞಾನ ಸಲಹಾ ಸಮಿತಿ ತನ್ನ ವರದಿ ಕೊಟ್ಟಿತು. ರೇಚಲ್ ಹೇಳಿದ್ದ ಅಪಾಯವನ್ನು ಸಮಿತಿಯೂ ಒಪ್ಪಿತು. ಜೂನ್‌ನಲ್ಲಿ ಅವರು ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ತಮ್ಮ ಕಾಯಿಲೆಯ ವಿಷಯವನ್ನು ಮಾತ್ರ ಯಾರಿಗೂ ತಿಳಿಯದಂತೆ ಮುಚ್ಚಿಟ್ಟರು. ಕಾಯಿಲೆ ಬಂದದ್ದಕ್ಕೇ ಹೀಗೆಲ್ಲ ಬರೆದಿದ್ದಾರೆ ಎಂದು ಜನ ಹೇಳಬಾರದು ಎಂಬುದು ಅವರ ಎಚ್ಚರಿಕೆ.

1964ರ ಏಪ್ರಿಲ್ 14ರಂದು ರೇಚಲ್ ಕಾರ್ಸನ್ ತೀರಿಕೊಂಡರು. ಆಗ ಅವರಿಗೆ 56 ವರ್ಷ. ಅವರ ಚಿತಾಭಸ್ಮದ ಒಂದು ಭಾಗವನ್ನು ಅವರು ಪ್ರೀತಿಸುತ್ತಿದ್ದ ಮೇನ್ ಕರಾವಳಿಯಲ್ಲಿ ಸಮುದ್ರಕ್ಕೆ ಅರ್ಪಿಸಲಾಯಿತು.

ಅವರು ಹೇಳಿದ್ದು ನಿಜವಾಯಿತು

ರೇಚಲ್ ತೀರಿಕೊಂಡ ಮೇಲೆ ನಡೆದ ಅಧ್ಯಯನಗಳು ಅವರ ಮಾತನ್ನು ಇನ್ನಷ್ಟು ಗಟ್ಟಿಮಾಡಿದವು. 1967ರಲ್ಲಿ ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡ್ ಕರಾವಳಿಯ ಲೆಕ್ಕ ಪ್ರಕಟವಾಯಿತು. ಅಲ್ಲಿ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳಾದ ಪ್ಲವಕಗಳಲ್ಲಿ ಡಿ.ಡಿ.ಟಿ. ಪ್ರಮಾಣ ಹತ್ತು ಲಕ್ಷಕ್ಕೆ 0.04 ಭಾಗ. ಚಿಕ್ಕ ಮೀನುಗಳನ್ನು ತಿನ್ನುವ ದೊಡ್ಡ ಮೀನಿನಲ್ಲಿ ಸುಮಾರು 2 ಭಾಗ. ಮೀನು ತಿನ್ನುವ ನೀರುಕಾಗೆಯಲ್ಲಿ ಸುಮಾರು 26 ಭಾಗ! ಅಂದರೆ ಪ್ಲವಕಕ್ಕಿಂತ 600 ಪಟ್ಟಿಗೂ ಹೆಚ್ಚು.

ಹೀಗೇಕೆ? ಡಿ.ಡಿ.ಟಿ. ಬೇಗ ಕೊಳೆತು ಹೋಗುವುದಿಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ, ಕೊಬ್ಬಿನಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಜೀವಿಯ ದೇಹದಿಂದ ಹೊರಹೋಗದೆ ಒಳಗೇ ಉಳಿಯುತ್ತದೆ. ಒಂದು ಚಿಕ್ಕ ಮೀನು ಅಸಂಖ್ಯ ಪ್ಲವಕಗಳನ್ನು ತಿನ್ನುತ್ತದೆ. ದೊಡ್ಡ ಮೀನು ಅಂಥ ಅನೇಕ ಚಿಕ್ಕ ಮೀನುಗಳನ್ನು ತಿನ್ನುತ್ತದೆ. ಹಕ್ಕಿ ಅಂಥ ಅನೇಕ ಮೀನುಗಳನ್ನು ತಿನ್ನುತ್ತದೆ. ಆಹಾರ ಸರಪಳಿಯ ಒಂದೊಂದು ಮೆಟ್ಟಿಲು ಏರಿದಂತೆ ವಿಷ ಕೂಡುತ್ತಾ ಹೋಗುತ್ತದೆ.

ಹೀಗೆ ಕೂಡಿದ ವಿಷ ಹಕ್ಕಿಯ ಮೊಟ್ಟೆಯ ಚಿಪ್ಪನ್ನು ತೆಳುವಾಗಿಸುತ್ತದೆ. ಕಾವು ಕೊಡಲು ತಾಯಿ ಕುಳಿತರೆ ಮೊಟ್ಟೆ ಒಡೆದುಹೋಗುತ್ತದೆ. ಕ್ಯಾಲಿಫೋರ್ನಿಯಾ ಬಳಿಯ ಅನಕಾಪ ದ್ವೀಪದಲ್ಲಿ ಕಂದು ಹೆಜ್ಜಾರ್ಲೆಗಳು ನೂರಾರು ಗೂಡು ಕಟ್ಟುತ್ತವೆ. 1970ರಲ್ಲಿ ಅಲ್ಲಿ ಉಳಿದದ್ದು ಒಂದೇ ಒಂದು ಮರಿ! ಲಾಸ್ ಏಂಜಲೀಸ್‌ನಲ್ಲಿ ಡಿ.ಡಿ.ಟಿ. ತಯಾರಾಗುತ್ತಿದ್ದಾಗ ಅದರ ತ್ಯಾಜ್ಯ ಊರಿನ ಚರಂಡಿಯ ಮೂಲಕ ಸಮುದ್ರ ಸೇರಿತ್ತು. ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಡಿ.ಡಿ.ಟಿ. ಬಳಸುವ ಹೊಲಗಳೇ ಇಲ್ಲದ ಅಂಟಾರ್ಕ್ಟಿಕಾದ ಪೆಂಗ್ವಿನ್‌ಗಳ ದೇಹದಲ್ಲೂ ಡಿ.ಡಿ.ಟಿ. ಇದೆ ಎಂದು 1966ರಲ್ಲಿ ವರದಿಯಾಯಿತು.

ಜನ ಎಚ್ಚೆತ್ತರು. 1970ರಲ್ಲಿ ಅಮೆರಿಕ ಪರಿಸರ ರಕ್ಷಣೆಗೆಂದೇ ಒಂದು ಸಂಸ್ಥೆಯನ್ನು ಸ್ಥಾಪಿಸಿತು. 1972ರಲ್ಲಿ ಅಲ್ಲಿ ಡಿ.ಡಿ.ಟಿ. ಬಳಕೆ ನಿಷೇಧವಾಯಿತು. ನಮ್ಮ ದೇಶದಲ್ಲಿ 1989ರಲ್ಲಿ ಬೇಸಾಯಕ್ಕೆ ಅದರ ಬಳಕೆ ನಿಷೇಧವಾಯಿತು. ವಿಕಿರಣಶೀಲ ತ್ಯಾಜ್ಯವನ್ನು ಸಮುದ್ರಕ್ಕೆ ಹಾಕಬಾರದು ಎಂದು 1993ರಲ್ಲಿ ಅನೇಕ ದೇಶಗಳು ಸೇರಿ ಒಪ್ಪಿದವು. ಡಿ.ಡಿ.ಟಿ. ಮುಂತಾದ ಬಹುಕಾಲ ಉಳಿಯುವ ವಿಷಗಳ ಮೇಲೆ 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದವಾಯಿತು. ರೋಗ ಹರಡುವ ಕೀಟಗಳ ನಿಯಂತ್ರಣಕ್ಕೆ ಮಾತ್ರ ಡಿ.ಡಿ.ಟಿ.ಗೆ ಅದರಲ್ಲಿ ಅವಕಾಶ ಉಳಿಸಿಕೊಂಡರು. ರೇಚಲ್ ಕೇಳಿದ್ದೂ ಇಂಥ ವಿವೇಕವನ್ನೇ ಅಲ್ಲವೇ?

ಮತ್ತೆ ಹೆಜ್ಜಾರ್ಲೆಗಳ ಗೂಡಿನಲ್ಲಿ ಮರಿಗಳು ಕಾಣಿಸಿಕೊಂಡವು. ಅವುಗಳ ಸಂಖ್ಯೆ ಎಷ್ಟು ಚೇತರಿಸಿತೆಂದರೆ, 2009ರಲ್ಲಿ ಕಂದು ಹೆಜ್ಜಾರ್ಲೆಯನ್ನು ಅಮೆರಿಕದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ತೆಗೆದರು. ನಾವು ಕೆಡಿಸುವುದನ್ನು ನಿಲ್ಲಿಸಿದರೆ ಪ್ರಕೃತಿ ತಾನೇ ಎದ್ದು ನಿಲ್ಲಲು ನೋಡುತ್ತದೆ. 1980ರಲ್ಲಿ ಅಮೆರಿಕ ಸರ್ಕಾರ ರೇಚಲ್ ಅವರಿಗೆ ಮರಣೋತ್ತರವಾಗಿ ದೇಶದ ಅತ್ಯುನ್ನತ ನಾಗರಿಕ ಗೌರವ ನೀಡಿತು. ಮೇನ್ ಕರಾವಳಿಯ ಜೌಗು ಪ್ರದೇಶದ ಒಂದು ವನ್ಯಧಾಮಕ್ಕೆ ಅವರ ಹೆಸರಿಟ್ಟಿದ್ದಾರೆ.

ಇಂದು ಕಡಲಿಗೆ ಬೇರೆ ಬೇರೆ ರೂಪದ ಕೊಳೆ ಸೇರುತ್ತಿದೆ. ಅದರಲ್ಲಿ ಪ್ಲಾಸ್ಟಿಕ್ ಒಂದು. 1998ರಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ, ಸುಮಾರು 10,900 ಮೀಟರ್ ಆಳದಲ್ಲಿ ತೆಗೆದ ಚಿತ್ರವೊಂದರಲ್ಲಿ ಪ್ಲಾಸ್ಟಿಕ್ ಚೀಲ ಕಂಡುಬಂತು. ಕಾವೇರಿ, ಕೃಷ್ಣಾ ನದಿಗಳ ನೀರು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕಾಳಿ, ಶರಾವತಿ, ನೇತ್ರಾವತಿ ನದಿಗಳ ನೀರು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ನಿಮ್ಮ ಊರಿನ ಹಳ್ಳದ ನೀರು ಯಾವ ಹೊಳೆಗೆ, ಆ ಹೊಳೆ ಯಾವ ನದಿಗೆ ಸೇರುತ್ತದೆ? ನಕ್ಷೆ ತೆರೆದು ಬೆರಳಿಟ್ಟು ಹುಡುಕಿ. ಆ ದಾರಿಯಲ್ಲಿ ಏನೇನು ಹರಿದು ಹೋಗುತ್ತಿದೆ ಎಂದು ನಿಮ್ಮ ಗುರುಗಳೊಂದಿಗೆ ಚರ್ಚಿಸಿ.

ಮಾಡಿ ನೋಡಿ: ವಿಷ ಕೂಡುವ ಆಟ

ಬೇಕಾಗುವ ವಸ್ತುಗಳು: 27 ಚೀಟಿಗಳು, 27 ಹುಣಸೆ ಬೀಜಗಳು.

1. ಪ್ರತಿ ಚೀಟಿಯಲ್ಲೂ ಒಂದು ಹುಣಸೆ ಬೀಜ ಇಟ್ಟು ಮಡಚಿ ಅಂಗಳದಲ್ಲಿ ಹರಡಿ. ಚೀಟಿ ಎಂದರೆ ಪ್ಲವಕ, ಬೀಜ ಎಂದರೆ ವಿಷ.

2. 9 ಮಕ್ಕಳು ಚಿಕ್ಕ ಮೀನುಗಳಾಗಿ. ಒಬ್ಬೊಬ್ಬರೂ 3 ಚೀಟಿ ಆರಿಸಿಕೊಳ್ಳಿ. ಚೀಟಿ ಬಿಡಿಸಿ ಬೀಜ ಎಣಿಸಿ.

3. 3 ಮಕ್ಕಳು ದೊಡ್ಡ ಮೀನುಗಳಾಗಿ. ಒಬ್ಬೊಬ್ಬರೂ 3 ಚಿಕ್ಕ ಮೀನುಗಳನ್ನು ಹಿಡಿದು ಅವರ ಬೀಜಗಳನ್ನು ಪಡೆಯಿರಿ.

4. ಒಬ್ಬರು ಹೆಜ್ಜಾರ್ಲೆಯಾಗಿ. 3 ದೊಡ್ಡ ಮೀನುಗಳನ್ನೂ ಹಿಡಿದು ಬೀಜಗಳನ್ನು ಪಡೆಯಿರಿ.

ಪ್ಲವಕದಲ್ಲಿ ಒಂದೇ ಬೀಜವಿತ್ತು. ಹೆಜ್ಜಾರ್ಲೆಯ ಕೈಯಲ್ಲಿ ಈಗ ಎಷ್ಟು ಬೀಜಗಳಿವೆ? ಎಣಿಸಿ, ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಹೆಜ್ಜಾರ್ಲೆಯ ಬದಲು ಮೀನು ತಿನ್ನುವ ಮನುಷ್ಯ ಅಲ್ಲಿದ್ದರೆ ಏನಾಗುತ್ತಿತ್ತು ಎಂದೂ ಯೋಚಿಸಿ.